ರೊಪ್ಪದಾಚೆಯ ನೆಲ

ಮ್ಯಾಸಬೇಡರ ದೇವರನ್ನು ಗುಡಿಯಲ್ಲಷ್ಟೇ ನೋಡಿ ಬಂದರೆ ಅರ್ಧ ಕಂಡಂತೆ. ಉಳಿದರ್ಧ ಊರಾಚೆ, ಮುಳ್ಳುಬೇಲಿಯ ರೊಪ್ಪದಲ್ಲಿ ಮಲಗಿ ಮೆಲುಕು ಹಾಕುತ್ತಿರುತ್ತದೆ. ಚಳ್ಳಕೆರೆ, ಮೊಳಕಾಲ್ಮುರು ಸೀಮೆಯಲ್ಲಿ ಈ ಮಂದೆಗೆ ದೇವರ ಎತ್ತು ಎಂದು ಹೆಸರು. ಇವುಗಳ ಹೆಗಲಿಗೆ ನೊಗ ಇಡುವುದಿಲ್ಲ, ಮಂದೆಯ ಹಸುಗಳ ಹಾಲು ಮಾರುವುದಿಲ್ಲ, ಸತ್ತರೆ ಮಣ್ಣು ಮಾಡುತ್ತಾರೆ. ಹರಕೆ ಹೊತ್ತವರು ಕರು ಬಿಡುತ್ತಾರೆ. ಕಾಯುವವನು ಕಿಲಾರಿ. ಇವರ ದೇವರಾದ ಗಾದ್ರಿ ಪಾಲನಾಯಕನೂ ದನ ಕಾಯುವವನೇ, ಹುಲಿಯೊಡನೆ ಸೆಣಸಿ ಮಡಿದವನು. ಹೀಗಾಗಿ ಮಂದೆಯ ಹಿಂದೆ ದಿನವಿಡೀ ನಡೆಯುವ ಕಿಲಾರಿ ತನ್ನ ದೇವರು ಮಾಡಿದ್ದನ್ನೇ ಮಾಡುತ್ತಿದ್ದಾನೆ. ಮೇಯಿಸುವುದೇ ಇಲ್ಲಿ ಪೂಜೆ.

ಈ ಪರಂಪರೆಯನ್ನು ಉಳಿಸಲು ನಾವು ಮಾಡುತ್ತಿರುವುದು ಸಾಕೇ ಎಂಬುದು ನನ್ನ ಪ್ರಶ್ನೆ.

ಬರೆದಿಡುವ ಕೆಲಸ ಈ ಸೀಮೆಯಲ್ಲಿ ಚೆನ್ನಾಗಿಯೇ ನಡೆದಿದೆ. ನೆರೆಯ ಕಾಡುಗೊಲ್ಲರನ್ನೇ ನೋಡಿ: ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಅರಿಯದಾಕೆ. ಆಕೆ ಹಾಡಿದ ಪದಗಳನ್ನು ಜಾನಪದ ವಿದ್ವಾಂಸ ಕೃಷ್ಣಮೂರ್ತಿ ಹನೂರರು ಕೂತು ಬರೆದುಕೊಳ್ಳದೆ ಹೋಗಿದ್ದರೆ ಆ ಸಂಪತ್ತು ಆಕೆಯೊಂದಿಗೇ ಹೋಗುತ್ತಿತ್ತು. ಆದರೆ ಪದವನ್ನು ಪುಸ್ತಕಕ್ಕೆ ಇಳಿಸಿದಂತೆ ಮಂದೆಯನ್ನು ಇಳಿಸಲಾಗದು. ಅದಕ್ಕೆ ದಿನಾ ಹುಲ್ಲು ಬೇಕು, ನಡೆಯಲು ಬಯಲು ಬೇಕು.

ಬರ ಬಿದ್ದ ವರ್ಷ ಗೋಶಾಲೆ ತೆರೆಯುತ್ತಾರೆ, ದಾನಿಗಳು ಲಾರಿಯಲ್ಲಿ ಮೇವು ತರುತ್ತಾರೆ. ಹಸಿದ ಬಾಯಿಗೆ ಬಿದ್ದ ಆ ಮೇವನ್ನು ಹಗುರವಾಗಿ ಕಾಣಲಾರೆ. ಆದರೂ ಕಟ್ಟಿಹಾಕಿ ಮೇವು ಹಾಕುವುದರಲ್ಲಿ ಕಿಲಾರಿಯ ಪೂಜೆಗೆ ಜಾಗವಿಲ್ಲ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಕಾಣುವ ತಾಲ್ಲೂಕುಗಳಿವು. ಇಲ್ಲಿ ದನ ಉಳಿದು ಬಂದದ್ದೇ ಬಯಲಿನ ಬಲದಿಂದ. ಮೈಸೂರು ಅರಸರ ಕಾಲದಿಂದ ದನಕ್ಕೆಂದೇ ಮೀಸಲಾಗಿದ್ದ ಅಮೃತಮಹಲ್ ಕಾವಲುಗಳಲ್ಲಿ ಸುತ್ತಲ ಹಳ್ಳಿಗಳ ದನಕುರಿ ಮೇಯುತ್ತಿದ್ದವು. ಈ ಶತಮಾನದ ಮೊದಲ ದಶಕದ ಕೊನೆಯ ಹೊತ್ತಿಗೆ ಉಳ್ಳಾರ್ತಿ, ಕುದಾಪುರ, ವರವು ಕಾವಲುಗಳ ನೆಲ ಸಂಸ್ಥೆಗಳ ಪಾಲಾಗತೊಡಗಿತು: ಡಿಆರ್‌ಡಿಒಗೆ 4,290 ಎಕರೆ, ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ 1,810, ಭಾರತೀಯ ವಿಜ್ಞಾನ ಸಂಸ್ಥೆಗೆ 1,500. ಕಾಂಪೌಂಡು ಎದ್ದಿತು. ವಿಷಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮುಂದೆ ಹೋಯಿತು. 2017ರಲ್ಲಿ ಡಿಆರ್‌ಡಿಒದ ವಿಮಾನ ಪರೀಕ್ಷಾ ವಲಯದ ಉದ್ಘಾಟನೆಯೂ ಆಯಿತು. ದೇಶಕ್ಕೆ ಇಂಥ ಕೇಂದ್ರಗಳು ಬೇಕು, ಒಪ್ಪುತ್ತೇನೆ. ಆದರೆ ಹುಲ್ಲುಗಾವಲನ್ನು ಖಾಲಿ ಜಾಗವೆಂದು ಎಣಿಸಿದ್ದು ತಪ್ಪು.

ಪೂಜೆಗೆ ಬೇಕಾದದ್ದು ಕೈತಪ್ಪಿದರೆ ಏನಾಗುತ್ತದೆಂದು ಯೋಚಿಸಿದಾಗ ಕೊಚ್ಚಿಯ ಮಟ್ಟಾಂಚೇರಿಯಲ್ಲಿ ಯಹೂದಿಗಳು 1568ರಲ್ಲಿ ಕಟ್ಟಿದ ಪ್ರಾರ್ಥನಾ ಮಂದಿರ ನೆನಪಾಗುತ್ತದೆ. ಕಟ್ಟಡ ಗಟ್ಟಿಯಾಗಿದೆ, ನೋಡಲು ಜನ ಬರುತ್ತಾರೆ. ಸಾಮೂಹಿಕ ಪ್ರಾರ್ಥನೆಗೆ ಹತ್ತು ಮಂದಿ ಪ್ರಾಯದ ಗಂಡಸರು ಕೂಡಬೇಕೆಂಬುದು ಅವರ ಕಟ್ಟಳೆ. ಇಸ್ರೇಲ್ ಹುಟ್ಟಿದ ಮೇಲೆ ಹೆಚ್ಚಿನವರು ಅಲ್ಲಿಗೆ ಹೊರಟು ಹೋದರು, ಹತ್ತು ಮಂದಿ ಸೇರುವುದೇ ಕಷ್ಟವಾಯಿತು. ಅಲ್ಲಿ ಮಂದಿರವಿದ್ದು ಮಂದಿಯಿಲ್ಲ. ನಮ್ಮಲ್ಲಿ ಮಂದಿಯಿದ್ದಾರೆ, ಭಕ್ತಿಯಿದೆ, ನೆಲ ಸರಿಯುತ್ತಿದೆ.

ಸಮುದಾಯದವರಿಗೂ ಒಂದು ಮಾತು ಹೇಳಬೇಕು. ದೇವರಿಗೆ ಸಿಮೆಂಟಿನ ಗುಡಿ, ಗೋಪುರ ಕಟ್ಟಲು ಹಣ ಕೂಡುತ್ತದೆ. ಮಂದೆಯ ಹಿಂದೆ ಬಿಸಿಲಲ್ಲಿ ಅಲೆಯುವ ಕಿಲಾರಿಯ ಮನೆಯ ಒಲೆಯನ್ನು ಕೇಳುವವರು ಕಡಿಮೆ. ಅವನ ಮಗ ಈ ಕೆಲಸ ಬೇಡವೆಂದರೆ ಅವನನ್ನು ದೂರಲಾಗದು.

2006ರ ಅರಣ್ಯ ಹಕ್ಕು ಕಾಯ್ದೆ ಮೇಯಿಸುವುದನ್ನು ಸಮುದಾಯದ ಹಕ್ಕೆಂದು ಒಪ್ಪಿದೆ. ಮ್ಯಾಸಬೇಡರು ಸೇರಿರುವ ನಾಯಕ ಸಮುದಾಯ ಪರಿಶಿಷ್ಟ ಪಂಗಡದಲ್ಲಿದೆ. ಅರಣ್ಯವೆಂದು ದಾಖಲಾಗಿರುವ ಹುಲ್ಲುಗಾವಲಿನ ಮೇಲಾದರೂ ಒಂದೇ ಗುಡಿಗೆ ನಡೆದುಕೊಳ್ಳುವ ಬಳಗವಾದ ಪ್ರತಿ ಗುಡಿಕಟ್ಟಿನ ಮಂದೆಗೂ ಈ ಹಕ್ಕು ಬರೆಸುವ ಅರ್ಜಿ ಗ್ರಾಮಸಭೆಯಿಂದಲೇ ಹೊರಡಬೇಕು, ಕಿಲಾರಿಗೆ ತಿಂಗಳ ಸಂಬಳ ನಿಗದಿಯಾಗಬೇಕು. ಗೋಶಾಲೆಯ ಮೇವಿನ ಲೆಕ್ಕ ಆಮೇಲೆ ಬರಲಿ.