ಐದು ಸಾವಿರ ಡಾಲರಿನ ವಾಗ್ದಾನ

ಸಾಹಿತ್ಯಕ್ಕಾಗಿ ನೊಬೆಲ್ ಪಾರಿತೋಷಕವನ್ನು ಪಡೆದ ಮೊದಲ ಅಮೆರಿಕನ್ ಲೇಖಕ ಸಿಂಕ್ಲೇರ್ ಲೂಯಿಸ್. 1930ರಲ್ಲಿ ಆ ಗೌರವಕ್ಕೆ ಪಾತ್ರನಾದ ಈತನು 1935ರಲ್ಲಿ ‘ಇಟ್ ಕಾಂಟ್ ಹ್ಯಾಪನ್ ಹಿಯರ್’ ಎಂಬ ಕಾದಂಬರಿಯನ್ನು ಪ್ರಕಟಿಸಿದನು. ‘ಇಲ್ಲಿ ಹಾಗೆಲ್ಲ ನಡೆಯದು’ ಎಂಬುದು ಆ ಹೆಸರಿನ ಅರ್ಥ. ಜರ್ಮನಿಯಲ್ಲಿ ಹಿಟ್ಲರನು ಅಧಿಕಾರಕ್ಕೆ ಬಂದು ಆಗ ಎರಡು ವರ್ಷಗಳಾಗಿದ್ದವು. ಅಮೆರಿಕವು ಆರ್ಥಿಕ ಮುಗ್ಗಟ್ಟಿನಲ್ಲಿ ಸಿಲುಕಿತ್ತು. 1936ರ ಚುನಾವಣೆಯಲ್ಲಿ ರೂಸ್‌ವೆಲ್ಟರನ್ನು ಬದಿಗೊತ್ತಿ ಬಝ್ ವಿಂಡ್ರಿಪ್ ಎಂಬ ಸೆನೆಟರನು ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿಯಾಗಿ ಅಧ್ಯಕ್ಷ ಪದವಿಗೇರುವುದು ಇದರ ಕಥಾವಸ್ತು. ಲೇಖಕನಿಗೆ ಭವಿಷ್ಯವಾಗಿದ್ದದ್ದು ಇಂದಿನ ಓದುಗನಿಗೆ ನಡೆಯದೆ ಉಳಿದ ಇತಿಹಾಸವಾಗಿದೆ.

ವಿಂಡ್ರಿಪನು ಜನರನ್ನು ವಂಚಿಸಿದನೆಂದು ಹೇಳಿ ಮುಗಿಸಿದರೆ ಕೃತಿಗೆ ನ್ಯಾಯ ದೊರಕಿಸಿದಂತಾಗದು. ಆತನ ಹದಿನೈದು ಅಂಶಗಳ ಕಾರ್ಯಕ್ರಮವು ಚುನಾವಣೆಗೆ ಮೊದಲೇ ಪ್ರಕಟವಾಗಿತ್ತು. ಪ್ರತಿ ಕುಟುಂಬಕ್ಕೂ ವರ್ಷಕ್ಕೆ 5000 ಡಾಲರ್ ದೊರೆಯುವುದೆಂಬ ಆಸೆಯನ್ನು ಆತನು ಹುಟ್ಟಿಸಿದ್ದನು. ಅದರ ಜೊತೆಗೇ ಕಪ್ಪು ಜನರಿಗೆ ಮತದಾನದ ಹಕ್ಕಿಲ್ಲ, ಉದ್ಯೋಗಸ್ಥ ಸ್ತ್ರೀಯರು ಮನೆಗೆ ಹಿಂದಿರುಗಬೇಕು, ಸಂಸತ್ತು ಕೇವಲ ಸಲಹೆ ನೀಡಬೇಕು ಎಂಬ ಕಲಮುಗಳೂ ಇದ್ದವು. ಡಾಲರನ್ನು ಎಣಿಸಿದವರು ಉಳಿದ ಕಲಮುಗಳನ್ನು ಓದಲಿಲ್ಲ. ಓದಿದವರು ಅವು ಅನ್ಯರಿಗೆ ಸಂಬಂಧಿಸಿದವೆಂದು ಸುಮ್ಮನಾದರು. ಕರಾರುಪತ್ರಕ್ಕೆ ರುಜು ಹಾಕುವ ಮುನ್ನ ಷರತ್ತುಗಳನ್ನೆಲ್ಲ ಓದಬೇಕೆಂಬುದು ಸಣ್ಣ ಅಂಗಡಿಯವನಿಗೂ ತಿಳಿದ ವಿಷಯ. ಹಣದ ವಾಗ್ದಾನ ಬಂದಾಗ, ಅದನ್ನು ಯಾರ ಖಾತೆಯಿಂದ ತೆಗೆದು ಕೊಡಲಾಗುವುದೆಂದು ಕೇಳುವುದು ವಿವೇಕಿಯ ಕರ್ತವ್ಯ.

ಅಧಿಕಾರ ಕೈಸೇರಿದೊಡನೆ ವಿಂಡ್ರಿಪನು ಸಂಸತ್ತಿನ ಸದಸ್ಯರನ್ನು ‘ಮಿನಿಟ್ ಮೆನ್’ ಎಂಬ ತನ್ನ ದಳದಿಂದ ಸೆರೆಹಿಡಿಸುತ್ತಾನೆ. ನಿರುದ್ಯೋಗಿಗಳನ್ನು ಶ್ರಮ ಶಿಬಿರಗಳಿಗೆ ಸೇರಿಸಿ, ನಿರುದ್ಯೋಗವೇ ನಿವಾರಣೆಯಾಯಿತೆಂದು ಸಾರುತ್ತಾನೆ. ಶಿಬಿರದ ಕೂಲಿ ದಿನಕ್ಕೆ 1 ಡಾಲರ್. ಅದರ ಬಹುಭಾಗವು ಊಟ, ವಸತಿಯ ವೆಚ್ಚವೆಂದು ಕಡಿತವಾಗುತ್ತದೆ. 5000 ಡಾಲರ್ ಯಾರ ಮನೆಗೂ ಬರುವುದಿಲ್ಲ.

ವರ್ಮಾಂಟಿನ ಫೋರ್ಟ್ ಬ್ಯೂಲಾ ಎಂಬ ಕಲ್ಪಿತ ಊರಿನಲ್ಲಿ ಕಲ್ಲುಗಣಿಯ ಒಡೆಯನಾದ ಟಾಸ್‌ಬ್ರೋ ಗಣ್ಯ ವ್ಯಕ್ತಿ. ಕಾರ್ಮಿಕರನ್ನು ಹದ್ದಿನಲ್ಲಿಡುವ ಗಟ್ಟಿ ಆಡಳಿತ ಬರುವುದಾದರೆ ಬರಲಿ ಎಂಬುದು ಆತನ ನಿಲುವು. ಪತ್ರಿಕಾ ಸಂಪಾದಕನಾದ ಡೊರೆಮಸ್ ಜೆಸಪ್ ಸಜ್ಜನ, ಬಹುಶ್ರುತ. ಸರ್ವಾಧಿಕಾರದ ಪೆಟ್ಟು ತನ್ನ ಮನೆಗೇ ತಗುಲಿದ ಮೇಲೆ ಆತನಿಗೆ ಒಂದು ಸತ್ಯ ಹೊಳೆಯುತ್ತದೆ: ತನ್ನಂತಹ ಮರ್ಯಾದಸ್ಥರು ಸಕಾಲದಲ್ಲಿ ಬಲವಾಗಿ ಪ್ರತಿಭಟಿಸದೆ ಇದ್ದುದೇ ಈ ಅನರ್ಥಕ್ಕೆ ದಾರಿಯಾಯಿತು. ಲೂಯಿಸನು ದೋಷವನ್ನು ದುಷ್ಟನೊಬ್ಬನ ತಲೆಗೆ ಕಟ್ಟಿ ಓದುಗನನ್ನು ಬಿಡುಗಡೆ ಮಾಡುವುದಿಲ್ಲ. ಕೃತಿಯ ನೈತಿಕ ಬಲ ಇರುವುದು ಇಲ್ಲಿ.

ಕೃತಿಯಲ್ಲಿ ಕೊರತೆಗಳಿಲ್ಲದೆ ಇಲ್ಲ. ಉತ್ತರಾರ್ಧದಲ್ಲಿ ಸೆರೆ, ಪಲಾಯನ, ಗುಪ್ತ ಚಳವಳಿಗಳು ಒಂದರ ಮೇಲೊಂದು ಬಂದು ಪಾತ್ರಗಳು ತೆಳುವಾಗುತ್ತವೆ. ವಿಂಡ್ರಿಪನೇ ಹಿನ್ನೆಲೆಗೆ ಸರಿದುಬಿಡುತ್ತಾನೆ. ಆತನನ್ನು ಉರುಳಿಸುವವರು ಪ್ರಜೆಗಳಲ್ಲ, ಆತನ ಕಾರ್ಯದರ್ಶಿಯಾಗಿದ್ದ ಲೀ ಸಾರಸನ್. ವಿಂಡ್ರಿಪನು ಫ್ರಾನ್ಸಿಗೆ ಗಡೀಪಾರಾಗುತ್ತಾನೆ. ಸಾರಸನ್ನನನ್ನು ಕೊಂದು ಸೇನಾನಿ ಹೈಕ್ ಪಟ್ಟವೇರುತ್ತಾನೆ. ಕಥೆಯಾಗಿ ಇದು ಅವಸರದ ಮುಕ್ತಾಯವೆನಿಸಿದರೂ ಇದರಲ್ಲಿ ತಥ್ಯವಿದೆ. ನ್ಯಾಯದ ಕಟ್ಟಳೆ ಒಮ್ಮೆ ಮುರಿದ ಮೇಲೆ ಅದನ್ನು ಮುರಿದವನಿಗೂ ರಕ್ಷಣೆ ಉಳಿಯುವುದಿಲ್ಲ.

1936ರ ಅಕ್ಟೋಬರ್ 27ರಂದು, ನಿಜವಾದ ಚುನಾವಣೆಗೆ ಒಂದು ವಾರವಿದ್ದಾಗ, ಈ ಕಥೆಯ ನಾಟಕರೂಪವು ಸರ್ಕಾರಿ ನೆರವಿನ ರಂಗಯೋಜನೆಯಡಿ ಅಮೆರಿಕದ ಹಲವು ನಗರಗಳಲ್ಲಿ ಏಕಕಾಲಕ್ಕೆ ಪ್ರದರ್ಶಿತವಾಯಿತು. ಆ ಚುನಾವಣೆಯಲ್ಲಿ ಗೆದ್ದವನು ರೂಸ್‌ವೆಲ್ಟ್. ವಿಂಡ್ರಿಪನು ಪುಸ್ತಕದಲ್ಲಿಯೇ ಉಳಿದನು. ಟಾಸ್‌ಬ್ರೋನ ಲೆಕ್ಕಾಚಾರ ಮತ್ತು ಜೆಸಪನ ಆಲಸ್ಯಗಳು ಮಾತ್ರ ಪುಸ್ತಕದೊಳಗೆ ಉಳಿಯುವಂಥವಲ್ಲ. ಸಮಾಜದಲ್ಲಿ ನಾಲ್ಕು ಜನರು ಮಾತು ಕೇಳುವ ಸ್ಥಾನದಲ್ಲಿರುವವರು, ಮಾತನಾಡಬೇಕಾದ ಹೊತ್ತಿನಲ್ಲಿ ಈ ಇಬ್ಬರನ್ನೂ ನೆನೆಯುವುದು ಒಳಿತು.