ಕಾವ್ಯಪ್ರಕಟನೆಯೂ ವಾಚಕವರ್ಗವೂ: ಅಂತರ್ಜಾಲದ ಕವಿತೆಯನ್ನು ಕುರಿತು

ಕನ್ನಡ ಕವಿತೆಯು ಈಗ ಅಂತರ್ಜಾಲದಲ್ಲಿ ಹೇರಳವಾಗಿ ಪ್ರಕಟವಾಗುತ್ತಿರುವುದನ್ನು ಕಂಡು ಹರ್ಷಪಡುವವರಿದ್ದಾರೆ. ಹುಬ್ಬು ಗಂಟಿಕ್ಕುವವರೂ ಇದ್ದಾರೆ. ಸಂಪಾದಕನ ಮರ್ಜಿ, ಪ್ರಕಾಶಕನ ಲಾಭಾಲಾಭದ ಲೆಕ್ಕ, ಮುದ್ರಣದ ವೆಚ್ಚ ಇವುಗಳಿಂದ ಕವಿಯು ಬಿಡುಗಡೆ ಹೊಂದಿದನೆಂದು ಮೊದಲಿನವರು ಹೇಳುತ್ತಾರೆ. ತೂರುವವರಿಲ್ಲದ ಕಣದಲ್ಲಿ ಕಾಳಿಗಿಂತ ಹೊಟ್ಟೇ ಹೆಚ್ಚೆಂದು ಎರಡನೆಯವರ ಆಕ್ಷೇಪ. ಎರಡು ಮಾತುಗಳಲ್ಲಿಯೂ ತಥ್ಯವುಂಟು. ಆದರೆ ಇವೆರಡೂ ಪ್ರಕಟನೆಯನ್ನು ಕುರಿತವೇ ಹೊರತು ವಾಚಕನನ್ನು ಕುರಿತವಲ್ಲ. ಕವಿತೆ ಪ್ರಕಟವಾಗುವುದು ಒಂದು. ಅದಕ್ಕೊಂದು ವಾಚಕವರ್ಗ ಹುಟ್ಟುವುದು ಮತ್ತೊಂದು. ಈ ಭೇದವನ್ನು ಪರಿಶೀಲಿಸಲು ನಾವು ದೂರ ಹೋಗಬೇಕಾದ ಅವಶ್ಯಕತೆಯಿಲ್ಲ. 2011ರಲ್ಲಿ ಸ್ಥಾಪಿತವಾದ ಜಾನಪದ ವಿಶ್ವವಿದ್ಯಾಲಯಕ್ಕೆ ನೆಲೆಯಾಗಿರುವ ಗೊಟಗೋಡಿಯ ಸುತ್ತಣ ಸೀಮೆಯೇ ಇದಕ್ಕೆ ಸಾಕಷ್ಟು ಸಾಮಗ್ರಿಯನ್ನು ಒದಗಿಸುತ್ತದೆ.

ಶಿಗ್ಗಾಂವಿ ತಾಲ್ಲೂಕಿನ ಶಿಶುನಾಳದ ಶರೀಫರ (1819-1889) ಪದಗಳು ಜನರನ್ನು ಮುಟ್ಟಿದುದು ಅಚ್ಚಿನಮನೆಯ ಮೂಲಕವಲ್ಲ. ಹಾಗಾದರೆ ಅವು ಪ್ರಕಟವಾದುದು ಹೇಗೆ? ಭಜನೆಯ ಕ್ರಮವನ್ನು ಬಲ್ಲವರಿಗೆ ಇದರ ಉತ್ತರ ಸುಲಭ. ಮುಂದೆ ಹಾಡುವವನು ಒಂದು ಸೊಲ್ಲನ್ನು ಎತ್ತುತ್ತಾನೆ. ಹಿಮ್ಮೇಳದವರು ಅದನ್ನೇ ಮರಳಿ ಹಾಡುತ್ತಾರೆ. ಒಂದೊಂದು ನುಡಿ ಮುಗಿದಾಗಲೂ ಪಲ್ಲವಿ ತಿರುಗಿ ಬರುತ್ತದೆ. ಇರುಳು ಕಳೆಯುವುದರೊಳಗಾಗಿ, ಸುಮ್ಮನೆ ಕೇಳಲು ಬಂದವನ ನಾಲಗೆಯ ಮೇಲೆಯೂ ಆ ಪದ ಅರ್ಧಮರ್ಧ ನಿಂತಿರುತ್ತದೆ. ಮುಂದಿನ ಭಜನೆಗೆ ಅವನೇ ಹಿಮ್ಮೇಳದಲ್ಲಿ ಕುಳಿತಿರುತ್ತಾನೆ. ಪದದ ಅರ್ಥ ತಿಳಿಯದಿದ್ದರೆ ಕೇಳಲು ಮಗ್ಗುಲಲ್ಲಿಯೇ ಹಿರಿಯರಿರುತ್ತಾರೆ. ಶರೀಫರ ಬೆಡಗಿನ ಪದಗಳಂತೂ ಹೀಗೆ ಕೇಳಿಸಿಕೊಳ್ಳುವುದಕ್ಕಾಗಿಯೇ ರಚಿತವಾದಂತಿವೆ. ಕೇಳುಗನು ಹಾಡುಗನಾಗಿ, ಹಾಡುಗನು ವ್ಯಾಖ್ಯಾನಕಾರನಾಗಿ ಮಾರ್ಪಡುವ ಈ ಕ್ರಮವನ್ನೇ ನಾವು ವಾಚಕವರ್ಗದ ನಿರ್ಮಾಣವೆಂದು ಕರೆಯಬೇಕು. ಮುಂದೆ ಸಿ. ಅಶ್ವತ್ಥರ ಕಂಠದಿಂದಲೂ, 1990ರಲ್ಲಿ ಟಿ. ಎಸ್. ನಾಗಾಭರಣರ ಚಲನಚಿತ್ರದಿಂದಲೂ ಈ ಪದಗಳು ನಾಡಿನ ಮೂಲೆಮೂಲೆಗೆ ಮುಟ್ಟಿದುವು. ಅದು ಸಣ್ಣ ಉಪಕಾರವಲ್ಲ. ಆದರೂ ಧ್ವನಿಸುರುಳಿಯ ಮುಂದೆ ಕುಳಿತವನು ಕೇಳುಗನಾಗಿಯೇ ಉಳಿಯಬಹುದು, ಅವನಿಗೆ ಹಿಮ್ಮೇಳವಿಲ್ಲ. ಅಂತರ್ಜಾಲದ ಕವಿತೆ ಈ ಒಂಟಿತನವನ್ನು ಇನ್ನೂ ಒಂದು ಮೆಟ್ಟಿಲು ಮೇಲಕ್ಕೆ ಒಯ್ದಿದೆ.

ಬಾಯಿಂದ ಬಾಯಿಗೆ ನಡೆದ ಪ್ರಸಾರದಲ್ಲಿ ದೋಷವೇ ಇರಲಿಲ್ಲವೆಂದು ನಮ್ಮ ಅಭಿಪ್ರಾಯವಲ್ಲ. ಹಿರೇಕೆರೂರು ಸೀಮೆಯ ಅಬಲೂರಿನೊಡನೆ ಐತಿಹ್ಯವು ಹೆಣೆದಿರುವ ಸರ್ವಜ್ಞನನ್ನೇ ತೆಗೆದುಕೊಳ್ಳಬಹುದು. ಮೂರು ಸಾಲಿನ ತ್ರಿಪದಿ, ಕೊನೆಯಲ್ಲಿ ಕವಿಯ ಹೆಸರು: ಇಷ್ಟು ಕಿರಿದಾದ, ಇಷ್ಟು ಗಟ್ಟಿಯಾದ ರೂಪ ಯಾರ ನೆನಪಿನಲ್ಲಿಯೂ ನಿಲ್ಲುತ್ತದೆ. ಆದರೆ ಕೃತಿಯನ್ನು ಕಾಯಬೇಕಾದ ಅಂಕಿತವೇ ಕಳ್ಳರಿಗೆ ಕೀಲಿಕೈಯಾಯಿತು. ಯಾರು ಬೇಕಾದರೂ ಮೂರು ಸಾಲು ಕಟ್ಟಿ ಕೊನೆಗೆ ಆ ಹೆಸರನ್ನಿಟ್ಟರೆ ಅದು ಸರ್ವಜ್ಞನದೇ. ಬಾಸೆಲ್ ಮಿಷನ್ನಿನ ಪಾದ್ರಿಗಳಾಗಿದ್ದ ಉತ್ತಂಗಿ ಚನ್ನಪ್ಪನವರು ಓಲೆಯ ಪ್ರತಿಗಳನ್ನೂ ಜನರ ಬಾಯಲ್ಲಿದ್ದುದನ್ನೂ ಒಟ್ಟುಗೂಡಿಸಿ 1924ರಲ್ಲಿ ಹೊರತಂದ ಸಂಗ್ರಹವು ಈ ಗೊಂದಲದೊಳಗಿಂದ ಒಂದು ಪಾಠವನ್ನು ಎತ್ತಿ ನಿಲ್ಲಿಸುವ ಸಾಹಸವಾಗಿದ್ದಿತು. ಇಂದು ಮೊಬೈಲಿನಿಂದ ಮೊಬೈಲಿಗೆ ಹರಿದು ಬರುವ ‘ಸರ್ವಜ್ಞನ ವಚನ’ಗಳನ್ನು, ಹೆಸರಾಂತ ಕವಿಗಳ ತಲೆಗೆ ಕಟ್ಟಿದ ಅನಾಮಿಕ ಪದ್ಯಗಳನ್ನು ನೋಡಿದರೆ ಉತ್ತಂಗಿಯವರ ಕೆಲಸ ಮತ್ತೆ ಮೊದಲಿನಿಂದ ಆರಂಭವಾಗಬೇಕೇನೋ ಎನ್ನಿಸುತ್ತದೆ. ಆದರೆ ನ್ಯಾಯವಾಗಿ ಹೇಳುವುದಾದರೆ, ರೋಗ ಹುಟ್ಟಿದಲ್ಲಿಯೇ ಔಷಧವೂ ಹುಟ್ಟಿದೆ. ‘ವಚನ ಸಂಚಯ’ವೆಂಬ ಜಾಲತಾಣವು 20,000ಕ್ಕೂ ಮಿಕ್ಕ ವಚನಗಳನ್ನು ಯಾವುದೇ ಪದವನ್ನು ಹುಡುಕಿ ತೆಗೆಯಲು ಅನುಕೂಲವಾಗುವಂತೆ ಅಳವಡಿಸಿದೆ. ಒಬ್ಬ ವಚನಕಾರನು ಒಂದು ಪದವನ್ನು ಎಲ್ಲೆಲ್ಲಿ ಬಳಸಿದ್ದಾನೆಂದು ತಿಳಿಯಲು ಹಿಂದಿನ ವಿದ್ವಾಂಸರು ತಿಂಗಳುಗಟ್ಟಲೆ ಚೀಟಿ ಬರೆಯುತ್ತಿದ್ದರು. ಈಗ ಕಾಲೇಜಿನ ವಿದ್ಯಾರ್ಥಿಗೂ ಅದು ಕ್ಷಣದ ಕೆಲಸ. ಯುನಿಕೋಡ್ ಬಳಕೆಗೆ ಬರುವ ಮುನ್ನ ಒಂದೊಂದು ತಾಣಕ್ಕೆ ಒಂದೊಂದು ಅಕ್ಷರವಿನ್ಯಾಸವಿದ್ದು, ಒಂದರ ಕವಿತೆ ಮತ್ತೊಂದರಲ್ಲಿ ಚಿತ್ತಾರವಾಗಿ ಕಾಣುತ್ತಿದ್ದ ದಿನಗಳನ್ನು ನೆನೆದರೆ ಇದರ ಬೆಲೆ ತಿಳಿಯುತ್ತದೆ. ಹೀಗಿದ್ದೂ ಈಗಿನ ಅನೇಕ ಕವಿಗಳು ತಮ್ಮ ಕವಿತೆಯನ್ನು ಹೂವು ಚಂದ್ರರ ಚಿತ್ರದ ಮೇಲೆ ಕೆತ್ತಿಸಿ ಕಳುಹುತ್ತಾರೆ! ಅಂಥ ಕವಿತೆಯ ಪದಗಳು ಸಾಮಾನ್ಯ ಹುಡುಕಾಟಕ್ಕೆ ಸಿಕ್ಕುವುದು ದುರ್ಲಭ; ವಾರದೊಳಗೆ ಅದು ಕಣ್ಮರೆಯಾಗುತ್ತದೆ.

ಸವಣೂರಿನಲ್ಲಿ 1909ರಲ್ಲಿ ಜನಿಸಿದ ವಿನಾಯಕ ಕೃಷ್ಣ ಗೋಕಾಕರು ಕವಿಯಾಗಿ ಬೆಳೆದುದು ಧಾರವಾಡದಲ್ಲಿ, ಬೇಂದ್ರೆಯವರ ಗೆಳೆಯರ ಗುಂಪಿನ ನಡುವೆ. ಅಲ್ಲಿ ಕವಿತೆ ಮೊದಲು ಗೆಳೆಯರ ಕಿವಿಗೆ ಬೀಳುತ್ತಿತ್ತು, ಚರ್ಚೆ ಆಗುತ್ತಿತ್ತು, ಅಚ್ಚು ಆಮೇಲಿನ ಮಾತು. ಅಂತರ್ಜಾಲವು ಈ ಕ್ರಮವನ್ನು ತಲೆಕೆಳಗು ಮಾಡಿದೆ. ಇಲ್ಲಿ ಪ್ರಕಟನೆಯೇ ಮೊದಲು. ವಿಮರ್ಶೆ ಬಂದರೆ ಬಂತು. ಗೋಕಾಕರ ಹೆಸರಿನೊಡನೆ ಬೆಸೆದುಕೊಂಡಿರುವ ನವ್ಯಕಾವ್ಯದ ಮುಕ್ತಛಂದಸ್ಸಿಗೆ ಇಲ್ಲಿ ಬೇರೊಂದು ಅಪಾಯವೂ ಉಂಟು. ಸಾಲು ಎಲ್ಲಿ ಮುರಿಯುತ್ತದೆಯೋ ಅಲ್ಲಿಯೇ ಆ ಪದ್ಯದ ಉಸಿರಿದೆ. ಮೊಬೈಲಿನ ಇಕ್ಕಟ್ಟಾದ ಪರದೆಯಲ್ಲಿ ಉದ್ದದ ಸಾಲು ಕವಿ ಬಯಸದ ಜಾಗದಲ್ಲಿ ತುಂಡಾಗುತ್ತದೆ. ಓದುಗನು ಅದನ್ನೇ ಕವಿಯ ಲಯವೆಂದು ಭ್ರಮಿಸುತ್ತಾನೆ. ತ್ರಿಪದಿಗೆ ಈ ಭಯವಿಲ್ಲ. ಗಣಗಳ ಕಟ್ಟು ಒಳಗಿಂದಲೇ ಅದನ್ನು ಹಿಡಿದಿರುತ್ತದೆ. ಮುಕ್ತಛಂದಸ್ಸಿನಲ್ಲಿ ಬರೆಯುವ ತರುಣರಲ್ಲಿ ಇದನ್ನು ಗಮನಿಸಿದವರು ವಿರಳರೆಂದು ನಮಗೆ ತೋರುತ್ತದೆ.

ರಾಜಶೇಖರನು ಕಾವ್ಯಮೀಮಾಂಸೆಯಲ್ಲಿ ಭಾವಕರನ್ನು ನಾಲ್ಕು ಬಗೆಯಾಗಿ ವಿಂಗಡಿಸುತ್ತಾನೆ: ಯಾವುದೂ ರುಚಿಸದ ಅರೋಚಕಿ, ಹುಲ್ಲುಕಡ್ಡಿಯೊಡನೆ ಎಲ್ಲವನ್ನೂ ನುಂಗುವ ಸತೃಣಾಭ್ಯವಹಾರಿ, ಹೊಟ್ಟೆಕಿಚ್ಚಿನ ಮತ್ಸರಿ, ಸಾರವನ್ನು ಅರಸುವ ತತ್ತ್ವಾಭಿನಿವೇಶಿ. ಸಾವಿರ ವರ್ಷಗಳ ಹಿಂದಿನ ಈ ವಿಂಗಡಣೆ ಇಂದಿಗೂ ಎಷ್ಟು ಒಪ್ಪುತ್ತದೆಂದರೆ ನಗು ಬರುತ್ತದೆ. ಕವಿತೆ ಕಣ್ಣಿಗೆ ಬಿದ್ದೊಡನೆ ಹೆಬ್ಬೆರಳ ಗುರುತೊತ್ತಿ ಮುಂದಕ್ಕೆ ಸಾಗುವವನು ಎರಡನೆಯ ಬಗೆಯವನೆಂಬುದರಲ್ಲಿ ಸಂದೇಹವಿಲ್ಲ. ಅಂತರ್ಜಾಲವು ಎಣಿಸಬಲ್ಲುದು ಅವನನ್ನೇ. ತತ್ತ್ವಾಭಿನಿವೇಶಿ ಎಣಿಕೆಗೆ ಸಿಕ್ಕುವವನಲ್ಲ. ಅವನು ಹತ್ತು ದಿನ ಬಿಟ್ಟು, ಒಂದು ಪದ ಸರಿಯಾಗಿಲ್ಲವೆಂದು ಬರೆಯುತ್ತಾನೆ. ಎಣಿಕೆಯನ್ನು ನೋಡಿ ಬರೆಯತೊಡಗಿದ ಕವಿ ದಿನಕ್ಕೊಂದರಂತೆ, ಒಂದೇ ಅಚ್ಚಿನ ಪ್ರೇಮಪದ್ಯಗಳನ್ನು ಎರಕ ಹೊಯ್ಯುತ್ತಾನೆ. ಮೆಚ್ಚುಗೆ ಹೆಚ್ಚಿದಷ್ಟೂ ಕವಿತೆ ತೆಳುವಾಗುತ್ತ ಹೋದ ನಿದರ್ಶನಗಳನ್ನು ನಮ್ಮ ವಿದ್ಯಾರ್ಥಿಗಳ ನಡುವೆಯೇ ಕಂಡಿದ್ದೇವೆ. ಕಷ್ಟವೆಂದರೆ ಅವರಲ್ಲಿ ಕೆಲವರು ನಿಜವಾದ ಶಕ್ತಿಯುಳ್ಳವರು.

ಆದರೆ ಕಿರಿಯ ರೂಪವೂ, ಮೇಲಿಂದ ಮೇಲೆ ಬರೆಯುವುದೂ ತಾವಾಗಿಯೇ ದೋಷಗಳಲ್ಲ. ಅಂಕೋಲೆಯ ದಿನಕರ ದೇಸಾಯಿಯವರು (1909-1982) ತಮ್ಮ ‘ಜನಸೇವಕ’ ವಾರಪತ್ರಿಕೆಯಲ್ಲಿ ನಾಲ್ಕು ಸಾಲಿನ ಚುಟುಕಗಳನ್ನು ಪ್ರಕಟಿಸುತ್ತ ಅವುಗಳಿಗೊಂದು ವಾಚಕವರ್ಗವನ್ನೇ ಕಟ್ಟಿದರು. ಆ ಓದುಗರಿಗೆ ಚುಟುಕ ಬರುವ ಹೊತ್ತು ಗೊತ್ತಿತ್ತು, ಅದರ ಹಿಂದಿನ ಮನುಷ್ಯ ಗೊತ್ತಿದ್ದ, ಅದು ಚುಚ್ಚುವ ಅನ್ಯಾಯವೂ ಗೊತ್ತಿತ್ತು. ವಾರದಿಂದ ವಾರಕ್ಕೆ ಅದೇ ಜನ ಅದೇ ಪುಟಕ್ಕೆ ಮರಳಿ ಬರುತ್ತಿದ್ದರು. ಶರೀಫರ ಭಜನೆಗೂ ದೇಸಾಯಿಯವರ ಪತ್ರಿಕೆಗೂ ಸಮಾನವಾದುದು ಈ ಮರಳಿ ಬರುವಿಕೆ. ಅಂತರ್ಜಾಲದಲ್ಲಿಯೂ ಇದು ಅಸಾಧ್ಯವಲ್ಲ. ‘ಅವಧಿ’, ‘ಕೆಂಡಸಂಪಿಗೆ’ಗಳಂಥ ಜಾಲಪತ್ರಿಕೆಗಳಲ್ಲಿ ಸಂಪಾದಕನಿದ್ದಾನೆ, ಆಯ್ಕೆಯಿದೆ, ಪರಿಚಿತ ಓದುಗರಿದ್ದಾರೆ. ಹೊಸ ಕವಿ ಸಾವಿರ ಅಪರಿಚಿತರ ಕಣ್ಣನ್ನು ಹಾರೈಸುವುದಕ್ಕಿಂತ, ಪ್ರತಿ ಕವಿತೆಯನ್ನೂ ಓದಿ ಉತ್ತರಿಸುವ ಇಪ್ಪತ್ತು ಮಂದಿಯನ್ನು ಮೊದಲು ಸಂಪಾದಿಸಿಕೊಳ್ಳುವುದು ಲೇಸು. ತನ್ನ ಧ್ವನಿಯಲ್ಲಿಯೇ ಓದಿ ಕಳುಹಿದರೆ ಸಾಲು ಮುರಿಯುವ ಭಯವೂ ತಪ್ಪುತ್ತದೆ.

ಈ ವಿಷಯದಲ್ಲಿ ಸಂಶೋಧನೆಗೆ ತೊಡಗುವ ವಿದ್ಯಾರ್ಥಿಗಳು ಒಂದು ಜಾಲಪತ್ರಿಕೆಯ ಒಂದು ವರ್ಷದ ಕವಿತೆಗಳನ್ನು ಆಯ್ದುಕೊಂಡು, ಅವುಗಳಿಗೆ ಬಂದ ಓಲೆಗಳಲ್ಲಿ ಕವಿತೆಯ ಒಂದು ಪದವನ್ನಾದರೂ ಹೆಸರಿಸಿ ಮಾತನಾಡಿದವು ಎಷ್ಟು, ಬರಿಯ ಹೊಗಳಿಕೆಯವು ಎಷ್ಟು, ಎರಡನೆಯ ಬಾರಿಗೆ ಬಂದ ಓದುಗರು ಎಷ್ಟು ಎಂದು ಎಣಿಸಿ ನೋಡಬಹುದು. ಭಜನಾಮೇಳಗಳ ಹಾಡುಗಾರರನ್ನು ಕಂಡು, ಯಾವ ಪದವನ್ನು ಯಾರಿಂದ ಕಲಿತರೆಂದು ಬರೆದುಕೊಳ್ಳುವ ನಮ್ಮ ಕ್ಷೇತ್ರಕಾರ್ಯದ ಪದ್ಧತಿಯೇ ಇಲ್ಲಿಯೂ ಸಲ್ಲುತ್ತದೆ.