ನರೆದಲೆಗನ ಆರು ತಿಂಗಳು

ಕನಕದಾಸರ 'ರಾಮಧಾನ್ಯಚರಿತೆ'ಯ ಕಥೆ ಕೇಳದ ಕನ್ನಡ ಓದುಗರು ಕಡಿಮೆ. ಲಂಕೆಯಿಂದ ಮರಳುತ್ತಿರುವ ರಾಮ ಮುನಿಗಳ ಆಶ್ರಮದಲ್ಲಿ ತಂಗುತ್ತಾನೆ. ಬಗೆಬಗೆಯ ಅಡುಗೆಯ ಸತ್ಕಾರವಾದ ಮೇಲೆ ಧಾನ್ಯಗಳಲ್ಲಿ ಯಾವುದು ಮೇಲು ಎಂಬ ಪ್ರಶ್ನೆ ಏಳುತ್ತದೆ. ಗೌತಮ ಮುನಿ ನರೆದಲೆಗನ, ಅಂದರೆ ರಾಗಿಯ, ಹೆಸರು ಹೇಳುತ್ತಾನೆ. ವ್ರೀಹಿ, ಅಂದರೆ ಭತ್ತ, ಸಿಟ್ಟಿಗೇಳುತ್ತದೆ. ಬಾಯಿಜಗಳ ಬೆಳೆದಾಗ ರಾಮ ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿ ಇಡಿಸುತ್ತಾನೆ. ಅವಧಿ ಮುಗಿದು ಹೊರಗೆ ತಂದಾಗ ವ್ರೀಹಿ ಕಂದಿಹೋಗಿದೆ, ನರೆದಲೆಗ ಇದ್ದಂತೆಯೇ ಇದ್ದಾನೆ. ರಾಘವ ತನ್ನ ಹೆಸರನ್ನೇ ಅವನಿಗೆ ಕೊಡುತ್ತಾನೆ. ಈ ಕಥೆಯನ್ನು ನಾವು ಈಗ ಎರಡು ರೀತಿಯಲ್ಲಿ ಓದುತ್ತಿದ್ದೇವೆ. ಮೊದಲನೆಯದು ಜಾತಿಯ ರೂಪಕ: ವ್ರೀಹಿ ಮೇಲ್ಜಾತಿ, ರಾಗಿ ಕೆಳಜಾತಿ, ಕುರುಬರ ಮನೆಯಲ್ಲಿ ಹುಟ್ಟಿದ ಕವಿ ತನ್ನವರ ಪರವಾಗಿ ಕೊಟ್ಟ ತೀರ್ಪು. ಎರಡನೆಯದು ಇತ್ತೀಚಿನದು. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದ ಮೇಲಂತೂ ಈ ಕಾವ್ಯ ರಾಗಿಯ ಪೌಷ್ಟಿಕತೆಗೆ ಬರೆದ ಮುನ್ನುಡಿ ಎಂಬಂತೆ ವೇದಿಕೆಗಳಲ್ಲಿ ಬಳಕೆಯಾಗುತ್ತಿದೆ. ಎರಡು ಓದಿಗೂ ಕಾವ್ಯದಲ್ಲಿ ಆಧಾರವಿದೆ. ಆದರೆ ಎರಡೂ ರಾಗಿ ಗೆದ್ದಿತು ಎಂಬಲ್ಲಿಗೆ ನಿಂತುಬಿಡುತ್ತವೆ. ಗೆದ್ದದ್ದು ಹೇಗೆ ಎಂದು ಕೇಳುವುದಿಲ್ಲ. ಕನಕದಾಸರ ನಿಜವಾದ ಹೊಸತನ ಇರುವುದು ಆ 'ಹೇಗೆ'ಯಲ್ಲಿ, ಮಾತಿನಿಂದ ತೀರ್ಮಾನವಾಗಬೇಕಿದ್ದ ವ್ಯಾಜ್ಯವನ್ನು ಕಾಲದ ಕೈಗೆ ಒಪ್ಪಿಸಿದ್ದರಲ್ಲಿ ಎಂಬುದು ನನ್ನ ವಾದ. ಇದು ಎಷ್ಟು ದೊಡ್ಡ ಹೆಜ್ಜೆ ಎಂದು ತಿಳಿಯಬೇಕಾದರೆ ಕನಕದಾಸರ ಕಾಗಿನೆಲೆಯಿಂದ ಬಹಳ ದೂರ ಹೋಗಿ ಬರಬೇಕು.

ಮೊದಲು ಛಂದಸ್ಸಿನ ಮಾತು. ಕಾವ್ಯ ಭಾಮಿನಿ ಷಟ್ಪದಿಯಲ್ಲಿದೆ. ಕನ್ನಡದಲ್ಲಿ ಭಾಮಿನಿ ಎಂದರೆ ಕುಮಾರವ್ಯಾಸ. ಭೀಮ ದುರ್ಯೋಧನರು ಗದೆ ಎತ್ತಿದ್ದು ಆ ಲಯದಲ್ಲಿ. ಅದೇ ಲಯವನ್ನು ಎರಡು ಕಾಳುಗಳ ಜಗಳಕ್ಕೆ ಹೊಂದಿಸುವುದು ಸಣ್ಣ ಧೈರ್ಯವಲ್ಲ. ಪ್ರಾಚೀನ ಗ್ರೀಕರಲ್ಲಿಯೂ ಇಂಥದೊಂದು ಕೃತಿಯಿದೆ. ಹೋಮರನ ಮಹಾಕಾವ್ಯದ ಛಂದಸ್ಸನ್ನು ಎತ್ತಿಕೊಂಡು ಕಪ್ಪೆಗಳಿಗೂ ಇಲಿಗಳಿಗೂ ನಡೆದ ಯುದ್ಧವನ್ನು ಹಾಡಿದ ಕೃತಿ ಅದು. ಅಲ್ಲಿ ದೊಡ್ಡ ಛಂದಸ್ಸಿಗೂ ಸಣ್ಣ ಪ್ರಾಣಿಗೂ ನಡುವಿನ ಅಂತರವೇ ನಗೆಯ ಮೂಲ. ಕನಕದಾಸರಲ್ಲಿ ಬೈಗುಳದ ಸೊಗಸಿದೆ, ಹಳ್ಳಿಯ ಕಟ್ಟೆಯ ಮೇಲಿನ ಜಗಳದ ರುಚಿಯಿದೆ. ಆದರೂ ಕಾಳು ಸಣ್ಣದು ಎಂಬ ಕಾರಣಕ್ಕೆ ಹುಟ್ಟುವ ನಗು ಎಲ್ಲಿಯೂ ಇಲ್ಲ. ನರೆದಲೆಗ ಮಾತಾಡುವಾಗ ಒಬ್ಬ ವೀರನಿಗೆ ಸಲ್ಲುವ ಗಾಂಭೀರ್ಯ ಅವನಿಗೂ ಸಲ್ಲುತ್ತದೆ. ನೀನು ಸಿರಿವಂತರ ಬೆನ್ನು ಹತ್ತುವವನು, ಬಾಣಂತಿಗೂ ರೋಗಿಗೂ ಪಥ್ಯ, ಹೆಣದ ಬಾಯಿಗೆ ಹಾಕುವ ತುತ್ತು. ಮಳೆ ಹೋಗಿ ಕ್ಷಾಮ ಬಂದಾಗ ನೀನೆಲ್ಲಿರುತ್ತಿ ಎಂದು ಅವನು ಕೇಳುವಾಗ ಓದುಗ ನಗುವುದಿಲ್ಲ. ಹೊಲ ಒಣಗಿದ ವರ್ಷಗಳ ನೆನಪು ಆ ಮಾತಿನ ಹಿಂದೆ ನಿಂತಿದೆ. ಯುದ್ಧಕಾವ್ಯದ ಲಯ ಇಲ್ಲಿ ತನಗೆ ತಕ್ಕ ವಸ್ತುವನ್ನೇ ಕಂಡುಕೊಂಡಿದೆ, ಏಕೆಂದರೆ ಬರಗಾಲವೂ ಯುದ್ಧವೇ.

ವಸ್ತುಗಳು ಎದುರುಬದುರು ನಿಂತು ಯಾರು ಹೆಚ್ಚು ಎಂದು ವಾದಿಸುವ ಕಾವ್ಯ ಜಗತ್ತಿನ ಅತಿ ಹಳೆಯ ಬರಹದ ಬಗೆಗಳಲ್ಲಿ ಒಂದು. ಸುಮಾರು 4000 ವರ್ಷಗಳ ಹಿಂದೆ ಮೆಸೊಪೊಟೇಮಿಯಾದಲ್ಲಿ ಸುಮೇರಿಯನ್ ಭಾಷೆಯ ಇಂಥ ವಾದಕಾವ್ಯಗಳನ್ನು ಜೇಡಿಮಣ್ಣಿನ ಹಲಗೆಗಳ ಮೇಲೆ ಬರೆದಿಟ್ಟಿದ್ದರು: ಕುರಿಗೂ ಧಾನ್ಯಕ್ಕೂ, ಬೇಸಿಗೆಗೂ ಚಳಿಗಾಲಕ್ಕೂ, ಗುದ್ದಲಿಗೂ ನೇಗಿಲಿಗೂ. ಅಕ್ಕಾಡಿಯನ್ ಭಾಷೆಯಲ್ಲಿ ಟ್ಯಾಮರಿಸ್ಕ್ ಮರಕ್ಕೂ ಖರ್ಜೂರದ ಮರಕ್ಕೂ ವಾದವಿದೆ. ಇರಾನಿನ ಪಹ್ಲವಿ ಲಿಪಿಯಲ್ಲಿ ಉಳಿದುಬಂದಿರುವ ಒಂದು ಕೃತಿಯಲ್ಲಿ ಆಡು ಮತ್ತು ಖರ್ಜೂರದ ಮರ ವಾದಿಸುತ್ತವೆ, ಆಡು ಗೆಲ್ಲುತ್ತದೆ. ಅರಬ್ಬಿ ಮತ್ತು ಫಾರ್ಸಿಯಲ್ಲಿ ಈ ಬಗೆ 'ಮುನಾಜರಾ' ಎಂಬ ಹೆಸರಲ್ಲಿ ಬೆಳೆಯಿತು. ಮಧ್ಯಕಾಲೀನ ಇಂಗ್ಲಿಷಿನಲ್ಲಿ ಗೂಬೆಯೂ ನೈಟಿಂಗೇಲ್ ಹಕ್ಕಿಯೂ ಜಗಳವಾಡಿ, ಕೊನೆಗೆ ನ್ಯಾಯ ಕೇಳಲು ಹೊರಟಾಗಲೇ ಕಾವ್ಯ ಮುಗಿಯುತ್ತದೆ. ಇವುಗಳಲ್ಲಿ ನಮ್ಮ ಕಾವ್ಯಕ್ಕೆ ತೀರ ಹತ್ತಿರ ನಿಲ್ಲುವುದು ಗುದ್ದಲಿ ಮತ್ತು ನೇಗಿಲಿನ ವಾದ. ನೇಗಿಲಿಗೆ ಅರಸನೇ ಕೈಹಚ್ಚುತ್ತಾನೆ, ಎತ್ತುಗಳು ಬೇಕು, ಆಳುಗಳು ಬೇಕು. ಗುದ್ದಲಿ ಬಡವನ ಸಲಕರಣೆ. ನೀನು ದುಡಿಯುವುದು ನಾಲ್ಕು ತಿಂಗಳು, ಕಾಣೆಯಾಗುವುದು ಎಂಟು ತಿಂಗಳು. ನಾನು ಹನ್ನೆರಡು ತಿಂಗಳೂ ದುಡಿಯುವವ ಎಂದು ಗುದ್ದಲಿ ನೇಗಿಲಿಗೆ ಹೇಳುತ್ತದೆ. ಎನ್ಲಿಲ್ ದೇವರು ಗುದ್ದಲಿಯ ಪಕ್ಷ ವಹಿಸುತ್ತಾನೆ. ಬಡವನ ವಸ್ತು ಸಿರಿವಂತನ ವಸ್ತುವನ್ನು ಮಾತಲ್ಲಿ ಸೋಲಿಸುವ ಆಸೆ ಕನಕದಾಸರಿಗಿಂತ ಮೂರೂವರೆ ಸಾವಿರ ವರ್ಷ ಹಳೆಯದು ಎಂದಾಯಿತು.

ಇಷ್ಟಾದ ಮೇಲೆ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ. ಗುದ್ದಲಿ ತನ್ನ ಹನ್ನೆರಡು ತಿಂಗಳ ದುಡಿಮೆಯನ್ನು ಬಾಯಲ್ಲಿ ಹೇಳಿ ಗೆಲ್ಲುತ್ತದೆ. ಎನ್ಲಿಲ್ ಕೇಳಿದ, ಒಪ್ಪಿದ, ತೀರ್ಪಿತ್ತ. ಇರಾನಿನ ಆಡು ಗೆಲ್ಲುವುದೂ ವಾಕ್ಚಾತುರ್ಯದಿಂದಲೇ. ಕನಕದಾಸರ ರಾಮನೂ ಅಲ್ಲಿಯೇ ತೀರ್ಪು ಕೊಡಬಹುದಿತ್ತು, ನರೆದಲೆಗನ ವಾದ ಅಷ್ಟು ಗಟ್ಟಿಯಾಗಿತ್ತು. ಅವನು ಕೊಡುವುದಿಲ್ಲ. ಮಾತು ಸಾಕು ಎನ್ನುತ್ತಾನೆ. ಮಾತಿನಲ್ಲಿ ಗೆಲ್ಲುವುದು ಮಾತು ಬಲ್ಲವರ ಸೊತ್ತು. ವ್ರೀಹಿಯ ಬೆನ್ನಿಗೆ ಮಂತ್ರಾಕ್ಷತೆಯಿದೆ, ದೇವರ ನೈವೇದ್ಯವಿದೆ, ಅರಮನೆಯ ಪಂಕ್ತಿಯಿದೆ. ಸಭೆಯಲ್ಲಿ ಯಾರ ಮಾತಿಗೆ ತೂಕ ಹೆಚ್ಚು ಎಂಬುದು ವಾದ ಶುರುವಾಗುವ ಮೊದಲೇ ನಿರ್ಧಾರವಾಗಿರುವ ಸಮಾಜದಲ್ಲಿ, ವಾದದಿಂದಲೇ ನ್ಯಾಯ ಸಿಗಲಿ ಎಂದು ಬಯಸುವುದು ಅರ್ಧ ಸೋಲು. ಆದ್ದರಿಂದ ಕವಿ ವ್ಯಾಜ್ಯವನ್ನು ನಾಲಗೆಯಿಂದ ಕಿತ್ತು ಕಣಜಕ್ಕೆ ಹಾಕುತ್ತಾನೆ. ನರೆದಲೆಗ ಎಂಬ ಹೆಸರನ್ನೇ ಗಮನಿಸಿ. ನರೆತ ತಲೆಯವನು. ತೆನೆಯ ಬೂದು ಬಣ್ಣದಿಂದ ಬಂದ ಹೆಸರಿರಬಹುದು. ಆದರೆ ಕಾವ್ಯದೊಳಗೆ ಅದು ಕಾಲವನ್ನು ಉಂಡು ಅರಗಿಸಿಕೊಂಡವನ ಹೆಸರಾಗಿ ಕೇಳಿಸುತ್ತದೆ. ಸೆರೆಯ ಆರು ತಿಂಗಳು ಸಾಬೀತು ಮಾಡಿದ್ದು ಆ ಹೆಸರಲ್ಲಿ ಮೊದಲೇ ಇತ್ತು. ಹಗೇವಿನಲ್ಲಿ ಕಾಳು ತುಂಬಿ ಬಾಯಿಗೆ ಮಣ್ಣು ಮೆತ್ತಿ ವರ್ಷಗಟ್ಟಲೆ ಕಾಯ್ದುಕೊಂಡ ಒಕ್ಕಲುತನಕ್ಕೆ ಈ ಪರೀಕ್ಷೆಯನ್ನು ಯಾರೂ ವಿವರಿಸಬೇಕಾಗಿರಲಿಲ್ಲ. ರಾಗಿಯ ಕಾಳು ಎಷ್ಟು ಸಣ್ಣದೆಂದರೆ ನುಸಿಗೆ ಅದರೊಳಗೆ ಮನೆ ಮಾಡಲು ಜಾಗವಿಲ್ಲ. ಅಲ್ಪ ಎಂದು ವ್ರೀಹಿ ಹೀಯಾಳಿಸಿದ ಗುಣವೇ ಅದನ್ನು ಉಳಿಸಿತು.

ಸುಮೇರಿಗೂ ಕಾಗಿನೆಲೆಗೂ ಎಲ್ಲಿಯ ನಂಟು, ಕನಕದಾಸರು ಆ ಹಲಗೆಗಳನ್ನು ಕಂಡಿದ್ದರೇ ಎಂದು ಯಾರಾದರೂ ಕೇಳಬಹುದು. ಕಂಡಿರಲಿಲ್ಲ, ಆ ಕಾಲಕ್ಕೆ ಅವು ಮಣ್ಣಿನಡಿ ಹೂತಿದ್ದವು. ನಾನು ಪ್ರಭಾವದ ಮಾತಾಡುತ್ತಿಲ್ಲ. ಕಾಳನ್ನು ಕೂಡಿಟ್ಟು ಬದುಕುವ, ಕೂಡಿಟ್ಟ ಕಾಳಿನ ಮೇಲೆ ಒಡೆಯರೂ ಆಳುಗಳೂ ಏರ್ಪಡುವ ಸಮಾಜಗಳು ಬೇರೆಬೇರೆ ನದಿಗಳ ದಂಡೆಯಲ್ಲಿ ಒಂದೇ ಪ್ರಶ್ನೆಯನ್ನು ಕೇಳಿಕೊಂಡವು. ಆ ಪ್ರಶ್ನೆಗೆ ವರದಾ ತುಂಗಭದ್ರೆಯರ ಸೀಮೆ ಕೊಟ್ಟ ಉತ್ತರ ಬೇರೆಯದು ಎಂಬುದಷ್ಟೇ ಹೋಲಿಕೆಯಿಂದ ಹೊರಡುವ ಮಾತು. ಆ ಉತ್ತರಕ್ಕೆ ಇಲ್ಲಿಯ ನೆಲವೂ ಕಾರಣವಿರಬೇಕು. ಇಂದಿನ ಹಾವೇರಿ ಜಿಲ್ಲೆಯ ಪಡುವಣ ಅಂಚು, ಹಾನಗಲ್ಲಿನ ಕಡೆ, ಕೆರೆ ಮತ್ತು ಭತ್ತದ ಗದ್ದೆಗಳ ಅರೆಮಲೆನಾಡು. ಮೂಡಣಕ್ಕೆ ರಾಣೆಬೆನ್ನೂರು, ಮಳೆ ಕಡಿಮೆಯ ಬಯಲುಸೀಮೆ, ಕೃಷ್ಣಮೃಗಗಳು ಓಡಾಡುವ ಕುರುಚಲು ಕಾಡು. ಕಾಗಿನೆಲೆ ಇವೆರಡರ ನಡುವೆ ಇದೆ. ನೀರಿನ ಧಾನ್ಯವೂ ಒಣನೆಲದ ಧಾನ್ಯವೂ ಒಂದೇ ಸಂತೆಯಲ್ಲಿ ಮುಖಾಮುಖಿಯಾಗುವ ಸೀಮೆ ಇದು. ಹಾಗಾದರೆ ರೊಟ್ಟಿಯ ನಾಡಿನ ಕವಿ ಜೋಳವನ್ನು ಬಿಟ್ಟು ರಾಗಿಯನ್ನು ಏಕೆ ಆರಿಸಿದ? ನನಗೆ ತೋರುವ ಕಾರಣ, ಪರೀಕ್ಷೆ ಇಡುವುದಕ್ಕೆ ರಾಗಿಯಷ್ಟು ತಕ್ಕ ಕಾಳು ಬೇರೆ ಇರಲಿಲ್ಲ. ಕವಿಗೆ ಬೇಕಾಗಿದ್ದದ್ದು ತನ್ನ ಊರಿನ ಊಟದ ಹೊಗಳಿಕೆ ಆಗಿದ್ದರೆ ಅವನು ಜೋಳವನ್ನೇ ಗೆಲ್ಲಿಸುತ್ತಿದ್ದ.

ಸಿರಿಧಾನ್ಯದ ವೇದಿಕೆಗಳಲ್ಲಿ ರಾಗಿಯನ್ನು 'ನಮ್ಮ ಮಣ್ಣಿನ ಮೂಲಧಾನ್ಯ' ಎಂದು ಕರೆಯುವುದುಂಟು. ಇಲ್ಲಿ ಇತಿಹಾಸ ಸ್ವಲ್ಪ ತಡೆದು ನಿಲ್ಲಿಸುತ್ತದೆ. ರಾಗಿ ಹುಟ್ಟಿದ್ದು ಪೂರ್ವ ಆಫ್ರಿಕದ ಎತ್ತರದ ನೆಲದಲ್ಲಿ. ಅದರ ಕಾಡುತಳಿ ಇಂದಿಗೂ ಅಲ್ಲಿಯದೇ. ಜೋಳವೂ ಸಜ್ಜೆಯೂ ಆಫ್ರಿಕದಿಂದಲೇ ಬಂದವು. ಹಾವೇರಿ ಜಿಲ್ಲೆಯದೇ ಆದ ಹಳ್ಳೂರಿನಲ್ಲಿ, ತುಂಗಭದ್ರೆಯ ದಂಡೆಯ ಮೇಲೆ, 1960ರ ದಶಕದಲ್ಲಿ ಎಂ.ಎಸ್. ನಾಗರಾಜರಾವ್ ನಡೆಸಿದ ಉತ್ಖನನ ದಕ್ಷಿಣ ಭಾರತದ ಕಬ್ಬಿಣಯುಗದ ಆರಂಭವನ್ನು ಅರಿಯಲು ದೊಡ್ಡ ಆಧಾರವಾಯಿತು. ಅಲ್ಲಿ ರಾಗಿಯೂ ಸಿಕ್ಕಿತೆಂದು ವರದಿಯಾಯಿತು. ಮೊದಲು ಹೇಳಿದಷ್ಟು ಹಳೆಯ ಕಾಲವನ್ನು ನಂತರದ ಸಸ್ಯ ಪುರಾತತ್ವಜ್ಞರು ಒಪ್ಪಲಿಲ್ಲ. ಹಳೆಯ ರಾಗಿಯ ಗುರುತುಗಳಲ್ಲಿ ಹೆಚ್ಚಿನವು ಬೇರೆ ಸಣ್ಣಕಾಳುಗಳದ್ದಿರಬಹುದು ಎಂದು ಎಚ್ಚರಿಸಿದರು. ಆದರೂ ಸುಮಾರು 3000 ವರ್ಷಗಳ ಹಿಂದೆ ಈ ಆಫ್ರಿಕದ ಕಾಳು ಈ ನದಿಯ ದಂಡೆಗೆ ಬಂದಿತ್ತೆಂಬ ಮಾತು ನಿಂತಿದೆ. ಅಂದರೆ ಕನಕದಾಸರ ಕಾವ್ಯದಲ್ಲಿ ವಾದಿಸುವ ನರೆದಲೆಗ ವಲಸೆ ಬಂದವನು. ಇದರಿಂದ ಕಾವ್ಯದ ಬಲ ಕುಂದುತ್ತದೆ ಎಂದು ನನಗೆ ಅನ್ನಿಸುವುದಿಲ್ಲ. ಮೂಲ ಯಾರದು, ಕುಲ ಯಾವುದು ಎಂದು ಕೇಳುವುದು ವ್ರೀಹಿಯ ಪದ್ಧತಿ. ರಾಮನ ಪರೀಕ್ಷೆ ಹುಟ್ಟನ್ನು ಕೇಳುವುದಿಲ್ಲ, ಉಳಿವನ್ನು ಕೇಳುತ್ತದೆ. ರಾಗಿಯನ್ನು ಮೂಲನಿವಾಸಿ ಎಂದು ಹೊಗಳುವವರು ತಿಳಿಯದೆ ವ್ರೀಹಿಯ ಮಾತನ್ನೇ ರಾಗಿಯ ಬಾಯಿಗೆ ತುರುಕುತ್ತಿದ್ದಾರೆ.

ಆದರೆ ಕಾವ್ಯದ ಮೇಲೆ ತೂಕದ ಆಕ್ಷೇಪಣೆಗಳೂ ಇವೆ. ಒಂದನೆಯದು ರೈತನ ಆಕ್ಷೇಪಣೆ. ಸಿಪ್ಪೆಯೊಳಗಿನ ಭತ್ತ ಆರು ತಿಂಗಳಿಗೆ ಹಾಳಾಗುವುದಿಲ್ಲ. ಹಳೆಯ ಅಕ್ಕಿಗೆ ಬೆಲೆಯೇ ಹೆಚ್ಚು. ಪರೀಕ್ಷೆ ವ್ರೀಹಿಗೆ ನ್ಯಾಯ ಮಾಡಲಿಲ್ಲ ಎಂಬ ಈ ಮಾತನ್ನು ಒಪ್ಪಬೇಕು. ಹತ್ತು ವರ್ಷ ಎಂದಿದ್ದರೆ ಕಣಜದ ಅನುಭವಕ್ಕೆ ಹತ್ತಿರವಾಗುತ್ತಿತ್ತು. ಕಥೆಗೆ ಬೇಕಾದ ವೇಗಕ್ಕಾಗಿ ಕವಿ ಅವಧಿಯನ್ನು ಕುಗ್ಗಿಸಿದ್ದಾನೆ. ಎರಡನೆಯದು ಹೆಸರಿನದು. ರಾಘವನಿಂದ ರಾಗಿ ಎಂಬುದು ಕವಿಯ ನಿರುಕ್ತಿ. ಭಾಷಾಶಾಸ್ತ್ರ ಅದನ್ನು ಒಪ್ಪಬೇಕಿಲ್ಲ. ಪ್ರಶ್ನೆ ಅದಲ್ಲ. ನರೆದಲೆಗ ಎಂಬ ಅಚ್ಚಗನ್ನಡ ಹೆಸರಿದ್ದವನಿಗೆ ಅರಸನ ಹೆಸರು ಸಿಕ್ಕ ಮೇಲೆಯೇ ಮರ್ಯಾದೆ ಎಂದಾದರೆ, ಗೆಲುವು ಮೇಲಿನವರು ಕೊಟ್ಟ ಪದವಿಯಾಗಲಿಲ್ಲವೇ? ಪರೀಕ್ಷೆ ಮುಗಿದು ಸತ್ಯ ಸಭೆಗೆ ಕಂಡ ಮೇಲೆ ಹೆಸರು ಬಂತು, ಹೆಸರಿನಿಂದ ಗೆಲುವು ಬಂದದ್ದಲ್ಲ ಎಂದು ಉತ್ತರಿಸಬಹುದು. ನಾನು ಆ ಉತ್ತರವನ್ನು ನಂಬುತ್ತೇನೆ. ಮೂರನೆಯದಕ್ಕೆ ಅಷ್ಟು ಸಲೀಸಾದ ಉತ್ತರವಿಲ್ಲ. ಅವಮಾನ ಮಾಡಿದವನನ್ನೂ ಅವಮಾನಗೊಂಡವನನ್ನೂ ಒಂದೇ ಸೆರೆಗೆ ಹಾಕುವುದು ಯಾವ ನ್ಯಾಯ? ಕೆಳಗಿನವನು ತನ್ನ ಯೋಗ್ಯತೆಯನ್ನು ಕಷ್ಟಪಟ್ಟು ಸಾಬೀತು ಮಾಡಬೇಕು, ಮೇಲಿನವನು ಹುಟ್ಟಿನಿಂದಲೇ ಯೋಗ್ಯ ಎಂಬ ಏರ್ಪಾಟು ಕಾವ್ಯದ ತಳದಲ್ಲಿ ಉಳಿದಿದೆ. ಕವಿ ಅದನ್ನು ಮೀರಿಲ್ಲ. ಆದರೆ ವ್ರೀಹಿಯೂ ಸೆರೆಗೆ ಹೋಗಬೇಕಾಯಿತು ಎಂಬುದನ್ನು ಮರೆಯಬಾರದು. ಹುಟ್ಟಿನ ಹೆಮ್ಮೆಯೂ ಕಾಲದ ಪರೀಕ್ಷೆಗೆ ತಲೆಬಾಗಲೇಬೇಕು ಎಂದು ಹದಿನಾರನೆಯ ಶತಮಾನದಲ್ಲಿ ಹೇಳುವುದು ಸಾಮಾನ್ಯವಲ್ಲ. ಸೋತ ವ್ರೀಹಿಯನ್ನು ತಿರಸ್ಕರಿಸದೆ ಸಮಾಧಾನಪಡಿಸಿ ಕಳಿಸುವುದನ್ನು ಕೆಲವರು ರಾಜಿ ಎನ್ನುತ್ತಾರೆ. ಊಟದ ಎಲೆಯ ಮೇಲೆ ಎರಡೂ ಬೇಕು ಎಂದು ಬಲ್ಲವನ ತೀರ್ಪಾಗಿ ನಾನು ಅದನ್ನು ಓದುತ್ತೇನೆ.

ಹೊರಗಿನಿಂದ ಬೆಳೆ ಬರುವುದು ರಾಗಿಗೇ ನಿಲ್ಲಲಿಲ್ಲ. ಕನಕದಾಸರು ಬದುಕಿದ್ದ ಶತಮಾನದಲ್ಲೇ, 1510ರಲ್ಲಿ, ಪೋರ್ಚುಗೀಸರು ಗೋವೆಯನ್ನು ಹಿಡಿದರು. ಅವರ ಹಡಗುಗಳ ಜೊತೆ ಅಮೆರಿಕ ಖಂಡದ ಮೆಣಸಿನಕಾಯಿ ಈ ಕರಾವಳಿಗೆ ಇಳಿಯಿತು. ಕಾಳುಮೆಣಸಿನ ಹೆಸರನ್ನೇ ಎರವಲು ಪಡೆದು ಕನ್ನಡದಲ್ಲಿ ಮನೆ ಮಾಡಿಕೊಂಡಿತು. ಇಂದು ಕಾಗಿನೆಲೆಯ ತಾಲ್ಲೂಕು ಕೇಂದ್ರವಾದ ಬ್ಯಾಡಗಿ ಲೋಕಕ್ಕೆ ಗೊತ್ತಿರುವುದು ಆ ಹೊಸಬನ ಹೆಸರಿನಿಂದ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ರಾಣೆಬೆನ್ನೂರಿನ ಸುತ್ತಿನ ಹೊಲಗಳಲ್ಲಿ ಅಮೆರಿಕದ ಇನ್ನೊಂದು ಕಾಳು, ಗೋವಿನಜೋಳ, ಹಬ್ಬಿದೆ. ಅದರ ಹೈಬ್ರಿಡ್ ಬೀಜವನ್ನು ಪ್ರತಿ ವರ್ಷ ಹೊಸದಾಗಿ ಕೊಳ್ಳಬೇಕು, ಬೆಳೆದದ್ದನ್ನೇ ಬೀಜಕ್ಕೆ ಇಟ್ಟುಕೊಂಡರೆ ಇಳುವರಿ ನಿಲ್ಲುವುದಿಲ್ಲ. ಬ್ಯಾಡಗಿಯ ಸುತ್ತ ಶೀತಲಗೃಹಗಳು ಎದ್ದಿವೆ. ಹೊರಗಿಟ್ಟರೆ ಕಾಯಿಯ ಕೆಂಪು ಮಾಸುತ್ತದೆ, ಬಣ್ಣ ಹೋದರೆ ಬೆಲೆ ಹೋಯಿತು. ಒಳ್ಳೆಯ ಧಾರಣೆ ಬರುವ ತನಕ ಚೀಲಗಳು ಬಾಡಿಗೆ ಕೊಟ್ಟು ತಂಪಿನಲ್ಲಿ ಕೂರುತ್ತವೆ. ರಾಮನ ಸೆರೆಯಂತೆ ಇಲ್ಲಿಯೂ ತಿಂಗಳುಗಳ ಲೆಕ್ಕ. ಕಾವ್ಯದಲ್ಲಿ ತಾಳುವ ಶಕ್ತಿ ಕಾಳಿನದಾಗಿತ್ತು. ಬಡವನ ಮನೆಯಲ್ಲಿದ್ದರೂ ಸಿರಿವಂತನ ಮನೆಯಲ್ಲಿದ್ದರೂ ರಾಗಿ ಒಂದೇ ಸಮ ತಾಳುತ್ತಿತ್ತು. ಶೀತಲಗೃಹದಲ್ಲಿ ತಾಳುವ ಶಕ್ತಿ ಚೀಲದ ಒಡೆಯನದು. ಬಾಡಿಗೆ ಕಟ್ಟಬಲ್ಲವನ ಕಾಯಿ ಆರು ತಿಂಗಳು ಕೆಂಪಗಿರುತ್ತದೆ. ಸಾಲ ತೀರಿಸಬೇಕಾದವನು ಸುಗ್ಗಿಯಲ್ಲೇ, ಅಂದಿನ ಧಾರಣೆಗೇ, ಮಾರಿ ಊರಿಗೆ ಹೋಗುತ್ತಾನೆ.